ಲೆಸ್ ಪಾಲ್ ಗಿಟಾರ್ ಕೊಳ್ಳುವ ಮುನ್ನ: ಅದರ ಗುಣ, ದೋಷ ಮತ್ತು ಆರೈಕೆ

ಎಲೆಕ್ಟ್ರಿಕ್ ಗಿಟಾರ್ ನುಡಿಸುವವರಲ್ಲಿ ಹೆಚ್ಚಿನವರು ಒಂದಲ್ಲ ಒಂದು ದಿನ ಗಿಬ್ಸನ್ ಕಂಪನಿಯ ಲೆಸ್ ಪಾಲ್ ಮಾದರಿಯ ಮುಂದೆ ನಿಂತು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ. ಹೊಸ ಸ್ಟ್ಯಾಂಡರ್ಡ್ ಮಾದರಿಗೆ ನಮ್ಮ ಅಂಗಡಿಗಳಲ್ಲಿ ಎರಡು ಲಕ್ಷ ರೂಪಾಯಿಗೂ ಮೇಲೆ ತೆರಬೇಕಾಗಿರುವುದರಿಂದ ಆ ಲೆಕ್ಕ ಸಣ್ಣದೇನಲ್ಲ. ಹಣ ಕೊಡುವ ಮೊದಲು ಒಂದು ಮಾತು ತಿಳಿದಿರಬೇಕು. ಈ ಗಿಟಾರಿನ ಗುಣಗಳು ಒಂದು ಕಡೆಯಿಂದ, ದೋಷಗಳು ಇನ್ನೊಂದು ಕಡೆಯಿಂದ ಬಂದವಲ್ಲ. ದನಿಗೆ ತುಂಬು ಕೊಡುವ ದಪ್ಪ ಮರವೇ ಹೆಗಲನ್ನು ನೋಯಿಸುತ್ತದೆ. ತಂತಿಯನ್ನು ನಟ್ ಮೇಲೆ, ಎಂದರೆ ತಲೆಯ ಬುಡದಲ್ಲಿ ತಂತಿಗಳು ಹಾಯುವ ಸೀಳುಗಳಿರುವ ಸಣ್ಣ ಪಟ್ಟಿಯ ಮೇಲೆ, ಗಟ್ಟಿಯಾಗಿ ಕೂರಿಸುವ ಓರೆ ತಲೆಯೇ ಬಿದ್ದಾಗ ಮುರಿಯುತ್ತದೆ. ಕೈಗೆ ಹಿತವಾಗುವ ತೆಳು ಲೇಪವೇ ಮಳೆಗಾಲದಲ್ಲಿ ಅಂಟಂಟಾಗುತ್ತದೆ. ಆದ್ದರಿಂದ ಕೊಳ್ಳುವವರು ಈ ದೋಷಗಳಲ್ಲಿ ಯಾವುದರ ಜೊತೆ ತಾವು ಬಾಳಬಲ್ಲೆವು ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳುವುದು ಒಳ್ಳೆಯದು.

ಹಳೆಯ ಇಸವಿಗಳು ಏಕೆ ಬೇಕು

ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಮಾರುವವರು ಇಸವಿಗಳನ್ನೇ ಮಂತ್ರದಂತೆ ಹೇಳುವುದರಿಂದ ಸ್ವಲ್ಪ ಇತಿಹಾಸ ತಿಳಿದಿರುವುದು ಉಪಯುಕ್ತ. ಅಮೆರಿಕದ ಮಿಶಿಗನ್ ರಾಜ್ಯದ ಕಲಮಜೂ ಊರಿನಲ್ಲಿದ್ದ ಗಿಬ್ಸನ್ ಕಾರ್ಖಾನೆ, ಟೆಡ್ ಮೆಕಾರ್ಟಿ ಅವರ ಮೇಲುಸ್ತುವಾರಿಯಲ್ಲಿ, ಆಗ ಬಹಳ ಹೆಸರು ಮಾಡಿದ್ದ ಗಿಟಾರ್ ವಾದಕ ಲೆಸ್ ಪಾಲ್ ಅವರ ಹೆಸರಿನಲ್ಲಿ 1952ರಲ್ಲಿ ಈ ಮಾದರಿಯನ್ನು ಹೊರತಂದಿತು. ಮೊದಲ ಗಿಟಾರುಗಳ ಮೇಲ್ಮೈ ಬಂಗಾರದ ಬಣ್ಣದ್ದಾಗಿದ್ದು, ಅವುಗಳಲ್ಲಿ ಪಿ-90 ಎಂಬ ಒಂದೇ ಸುರುಳಿಯ ಪಿಕಪ್‌ಗಳಿದ್ದವು. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗವೇ ಪಿಕಪ್. ಸೇತ್ ಲವರ್ ರೂಪಿಸಿದ ಎರಡು ಸುರುಳಿಯ ಹಂಬಕರ್ ಪಿಕಪ್ 1957ರಲ್ಲಿ ಇದಕ್ಕೆ ಬಂದಿತು. ಮೇಪಲ್ ಮರದ ಎಳೆಗಳು ಕಾಣುವ ಸನ್‌ಬರ್ಸ್ಟ್ ಬಣ್ಣ 1958ರಲ್ಲಿ ಬಂದಿತು. ಇಂದು ಕೋಟಿಗಳ ಮಾತಾಗಿರುವ ಆ ಸನ್‌ಬರ್ಸ್ಟ್ ಗಿಟಾರುಗಳು ಆ ಕಾಲದಲ್ಲಿ ಸರಿಯಾಗಿ ಮಾರಾಟವೇ ಆಗಲಿಲ್ಲ. ಕಂಪನಿ ಅವುಗಳ ತಯಾರಿಕೆಯನ್ನು 1960ಕ್ಕೆ ನಿಲ್ಲಿಸಿ, ಮುಂದಿನ ವರ್ಷ ತೆಳುವಾದ, ಎರಡು ಕೊಂಬುಗಳ ಹೊಸ ಆಕಾರಕ್ಕೆ ಹೊರಳಿತು. ಅದನ್ನೇ ನಾವೀಗ ಎಸ್‌ಜಿ ಎನ್ನುತ್ತೇವೆ. ಎರಿಕ್ ಕ್ಲ್ಯಾಪ್ಟನ್ ಮುಂತಾದ ಬ್ರಿಟಿಷ್ ಬ್ಲೂಸ್ ವಾದಕರು ಹಳೆಯ ಲೆಸ್ ಪಾಲ್‌ಗಳನ್ನು ಮಾರ್ಷಲ್ ಕಂಪನಿಯ ಆಂಪ್‌ಗೆ, ಎಂದರೆ ದನಿ ಹೆಚ್ಚಿಸುವ ಯಂತ್ರಕ್ಕೆ, ಸಿಕ್ಕಿಸಿ ಜೋರಾಗಿ ನುಡಿಸಿದ ಮೇಲೆಯೇ ಜನರಿಗೆ ಅದರ ಬೆಲೆ ತಿಳಿದದ್ದು. ಗಿಬ್ಸನ್ ಅದನ್ನು 1968ರಲ್ಲಿ ಮತ್ತೆ ತಯಾರಿಸತೊಡಗಿತು.

ಈ ಕಥೆಯಿಂದ ಕೊಳ್ಳುವವರಿಗೆ ಸಿಗುವ ಉಪಯೋಗ ಇಷ್ಟು: ಅಂಗಡಿಯಲ್ಲಿ ‘ಫಿಫ್ಟೀಸ್’ ಎಂದು ಬರೆದಿದ್ದರೆ ನೆಕ್, ಎಂದರೆ ಕೈಯಲ್ಲಿ ಹಿಡಿಯುವ ಗಿಟಾರಿನ ಕತ್ತು, ದಪ್ಪವಾಗಿ ದುಂಡಗಿರುತ್ತದೆ, ‘ಸಿಕ್ಸ್ಟೀಸ್’ ಎಂದಿದ್ದರೆ ತೆಳುವಾಗಿರುತ್ತದೆ. ಅಂಗೈ ಸಣ್ಣದಿದ್ದವರಿಗೆಲ್ಲ ತೆಳು ನೆಕ್ಕೇ ಹಿತ ಎಂಬ ಮಾತನ್ನು ನಾನು ನಂಬುವುದಿಲ್ಲ. ಹೆಬ್ಬೆರಳಿಗೆ ಆಧಾರ ಸಿಗುವ ದಪ್ಪ ನೆಕ್ಕಿನಲ್ಲಿ ಕೈ ಬೇಗ ದಣಿಯದಿರುವುದನ್ನು ಅನೇಕರು ಅನುಭವದಿಂದ ಕಂಡುಕೊಂಡಿದ್ದಾರೆ. ಎರಡನ್ನೂ ಕನಿಷ್ಠ ಅರ್ಧ ಗಂಟೆ ಹಿಡಿದು ನೋಡದೆ ತೀರ್ಮಾನಿಸಬಾರದು.

ದನಿಯ ವಿಚಾರ

ಮಹಾಗನಿ ಮರದ ದಪ್ಪ ಒಡಲು, ಅದರ ಮೇಲೆ ಮೇಪಲ್ ಮರದ ಹೊದಿಕೆ, ಒಡಲಿಗೆ ಅಂಟಿನಿಂದ ಕೂಡಿಸಿದ ಮಹಾಗನಿ ನೆಕ್, ಎರಡು ಹಂಬಕರ್‌ಗಳು: ಇವೆಲ್ಲ ಸೇರಿ ದನಿ ಕೊಬ್ಬಿದಂತೆ, ದುಂಡಗೆ, ಬೇಗ ಆರದಂತೆ ಬರುತ್ತದೆ. ಆಂಪ್‌ನ ದನಿ ಒಡೆದು ಮೊರೆಯುವಷ್ಟು ಗೇನ್, ಎಂದರೆ ಸಂಕೇತದ ಬಲ, ಕೊಟ್ಟರೂ ಸ್ವರದ ತಿರುಳು ಉಳಿಯುವುದು ಇದರ ದೊಡ್ಡ ಗುಣ. ಇದಕ್ಕೆ ತಕ್ಕ ಕೊರತೆಯೂ ಇದೆ. ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್ ಗಿಟಾರಿನ ಗಾಜಿನಂತಹ ತಿಳಿ ದನಿ, ಗೆಜ್ಜೆಯಂತೆ ಮಿನುಗುವ ಮೇಲುಸ್ವರ ಇದರಲ್ಲಿ ಸಹಜವಾಗಿ ಹೊರಡುವುದಿಲ್ಲ. ಸಿನಿಮಾ ಹಾಡುಗಳಿಗೆ, ಫಂಕ್‌ಗೆ, ಮದುವೆ ಆರ್ಕೆಸ್ಟ್ರಾದ ನಾನಾ ಬಗೆಯ ಹಾಡುಗಳಿಗೆ ಒಂದೇ ಗಿಟಾರ್ ಸಾಕೆನ್ನುವವರಿಗೆ ಲೆಸ್ ಪಾಲ್ ಸರಿಯಾದ ಆಯ್ಕೆಯಲ್ಲ ಎಂದೇ ಹೇಳುತ್ತೇನೆ.

ಹಂಬಕರ್‌ನ ಇನ್ನೊಂದು ಉಪಯೋಗ ನಮ್ಮ ಮನೆಗಳಲ್ಲಿ ಎದ್ದು ಕಾಣುತ್ತದೆ. ಒಂದೇ ಸುರುಳಿಯ ಪಿಕಪ್ ಮನೆಯ ವಿದ್ಯುತ್ತಿನ 50 ಹರ್ಟ್ಸ್ ಗುಂಯ್‌ಗುಡುವಿಕೆಯನ್ನೂ, ಫ್ಯಾನ್ ರೆಗ್ಯುಲೇಟರ್, ಹಳೆಯ ಟ್ಯೂಬ್‌ಲೈಟ್ ಚೋಕ್, ಇನ್ವರ್ಟರ್ ಇತ್ಯಾದಿಗಳ ಸದ್ದನ್ನೂ ಆಂಟೆನಾದಂತೆ ಹೀರಿಕೊಳ್ಳುತ್ತದೆ. ಹಂಬಕರ್‌ನಲ್ಲಿ ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಸುತ್ತಿ, ಅವುಗಳ ಅಯಸ್ಕಾಂತ ಧ್ರುವಗಳನ್ನೂ ತಿರುವುಮುರುವಾಗಿ ಇಟ್ಟಿರುವುದರಿಂದ, ಹೊರಗಿನಿಂದ ಬಂದ ಗುಂಯ್ ಸದ್ದು ಒಂದನ್ನೊಂದು ಹೊಡೆದುಹಾಕುತ್ತದೆ, ತಂತಿಯ ಸಂಕೇತ ಮಾತ್ರ ಎರಡರಿಂದಲೂ ಕೂಡಿಕೊಂಡು ಬರುತ್ತದೆ. ಹೀಗಿದ್ದರೂ ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಪೂರ್ತಿ ಮೌನ ಸಿಗುವುದಿಲ್ಲ. ತಂತಿ ಮುಟ್ಟಿದ ಕೈಯಲ್ಲೇ ಮೈಕ್ ಮುಟ್ಟಿದರೆ ಶಾಕ್ ಹೊಡೆಯುವ ಅಪಾಯವೂ ಇರುವುದರಿಂದ, ಗಿಟಾರಿಗೆ ಲಕ್ಷಗಟ್ಟಲೆ ಸುರಿಯುವ ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಮೂರು ಪಿನ್ನಿನ ಸಾಕೆಟ್‌ನ ಅರ್ಥ್ ಪರೀಕ್ಷಿಸಿಕೊಳ್ಳಿ.

ತಂತಿಯ ಉದ್ದದ ಬಗ್ಗೆ ಒಂದು ಮಾತು. ಲೆಸ್ ಪಾಲ್‌ನಲ್ಲಿ ನಟ್‌ನಿಂದ ಬ್ರಿಡ್ಜ್‌ವರೆಗಿನ, ಎಂದರೆ ಒಡಲಿನ ಮೇಲೆ ತಂತಿ ಊರುವ ಕುದುರೆಯವರೆಗಿನ, ಉದ್ದವನ್ನು 24¾ ಇಂಚು ಎಂದು ಹೇಳಲಾಗುತ್ತದೆ. ಸ್ಟ್ರಾಟೋಕಾಸ್ಟರಿನಲ್ಲಿ ಅದು 25½ ಇಂಚು. ಒಂದೇ ದಪ್ಪದ ತಂತಿ, ಒಂದೇ ಶ್ರುತಿ ಇದ್ದಾಗ ಲೆಸ್ ಪಾಲ್‌ನ ತಂತಿ ಸಡಿಲವಾಗಿ, ಎಳೆಯಲು ಸುಲಭವಾಗಿರುತ್ತದೆ. ಗಮಕದ ಅಭ್ಯಾಸವಿರುವವರು, ತಂತಿಯನ್ನು ಒಂದೂವರೆ ಎರಡು ಸ್ವರದಷ್ಟು ಎಳೆದು ನುಡಿಸುವವರು ಈ ವ್ಯತ್ಯಾಸವನ್ನು ಮೊದಲ ಐದು ನಿಮಿಷದಲ್ಲೇ ಗುರುತಿಸುತ್ತಾರೆ.

ಹೊಸಬರು ಈ ಗಿಟಾರಿನ ನಾಲ್ಕು ತಿರುಗುಗುಂಡಿಗಳನ್ನು ಹತ್ತರಲ್ಲಿಟ್ಟು ಮರೆತುಬಿಡುತ್ತಾರೆ. ಪ್ರತಿ ಪಿಕಪ್‌ಗೆ ಬೇರೆ ವಾಲ್ಯೂಮ್, ಬೇರೆ ಟೋನ್ ಇರುವುದು ಸುಮ್ಮನೆ ಅಲ್ಲ. ಆಂಪ್ ಸ್ವಲ್ಪ ಒಡೆಯುವಂತೆ ಇಟ್ಟುಕೊಂಡು, ನೆಕ್ ಪಿಕಪ್‌ನ ವಾಲ್ಯೂಮನ್ನು ಐದಾರಕ್ಕೆ ಇಳಿಸಿ, ಬ್ರಿಡ್ಜ್ ಪಿಕಪ್ಪನ್ನು ಹತ್ತರಲ್ಲೇ ಬಿಟ್ಟರೆ, ಸ್ವಿಚ್ಚಿನ ಒಂದೇ ತಟ್ಟಿನಲ್ಲಿ ತಿಳಿದನಿಯಿಂದ ಮೊರೆತಕ್ಕೆ ಹೋಗಬಹುದು, ಪೆಡಲ್ ತುಳಿಯಬೇಕಾಗಿಲ್ಲ.

ಮುರಿಯುವ ತಲೆ

ಇನ್ನು ಈ ಗಿಟಾರಿನ ಅತಿ ದೊಡ್ಡ ದೋಷ. ಹೆಡ್‌ಸ್ಟಾಕ್, ಎಂದರೆ ಬಿರಡೆಗಳಿರುವ ತಲೆ, ನೆಕ್ಕಿಗೆ 17 ಡಿಗ್ರಿ ಹಿಂದಕ್ಕೆ ಬಾಗಿರುತ್ತದೆ. ನೆಕ್ಕನ್ನೂ ತಲೆಯನ್ನೂ ಒಂದೇ ಮಹಾಗನಿ ತುಂಡಿನಿಂದ ಕೊರೆಯುವುದರಿಂದ, ಬಾಗಿದ ಜಾಗದಲ್ಲಿ ಮರದ ಎಳೆಗಳು ಉದ್ದಕ್ಕೆ ಸಾಗದೆ ಅಡ್ಡಕ್ಕೆ ತುಂಡಾಗಿರುತ್ತವೆ. ಸಾಲದ್ದಕ್ಕೆ, ನೆಕ್ಕಿನೊಳಗಿನ ಉಕ್ಕಿನ ಸರಳನ್ನು, ಎಂದರೆ ಟ್ರಸ್ ರಾಡನ್ನು, ತಿರುಗಿಸಲು ಬೇಕಾದ ಗುಳಿಯನ್ನು ತೋಡಿರುವುದೂ ಅಲ್ಲೇ. ಹೀಗೆ ಎಲ್ಲಿ ಮರ ಹೆಚ್ಚು ಬೇಕಿತ್ತೋ ಅಲ್ಲಿಯೇ ಅತಿ ಕಡಿಮೆ ಮರ ಉಳಿಯುತ್ತದೆ. ಗಿಟಾರ್ ಬೆನ್ನಡಿಯಾಗಿ ಬಿದ್ದರೆ ಓರೆ ತಲೆಯೇ ಮೊದಲು ನೆಲ ಮುಟ್ಟುತ್ತದೆ, ನಾಲ್ಕು ಕಿಲೋಗೂ ಹೆಚ್ಚಿನ ಒಡಲು ಹಿಂದಿನಿಂದ ಒತ್ತುತ್ತದೆ, ತಂತಿಗಳ ಬಿಗುವು ಉಳಿದ ಕೆಲಸ ಮುಗಿಸುತ್ತದೆ. ನನ್ನ ಪರಿಚಯದವರೊಬ್ಬರ ಗಿಟಾರ್ ಸೋಫಾಕ್ಕೆ ಒರಗಿದ್ದುದು ಜಾರಿ ಕಾರ್ಪೆಟ್ ಮೇಲೆ ಬಿದ್ದು ಮುರಿಯಿತು. ಎತ್ತರ ಎರಡೂವರೆ ಅಡಿಯೂ ಇರಲಿಲ್ಲ.

ಗಿಬ್ಸನ್ ಈ ದೋಷವನ್ನು ಸರಿಪಡಿಸಲು ಯತ್ನಿಸದೆ ಇರಲಿಲ್ಲ. 1960ರ ದಶಕದ ಕೊನೆಯಿಂದ ಎಪ್ಪತ್ತರ ದಶಕದುದ್ದಕ್ಕೂ ಕೋನವನ್ನು 14 ಡಿಗ್ರಿಗೆ ಇಳಿಸಿತು, ತಲೆಯ ಹಿಂಬದಿಗೆ ವಾಲ್ಯೂಟ್ ಎಂಬ ಮರದ ಉಬ್ಬನ್ನು ಇಟ್ಟಿತು, ಮೂರು ತುಂಡುಗಳನ್ನು ಅಂಟಿಸಿ ನೆಕ್ ಮಾಡಿತು. ಇವೆಲ್ಲ ಗಟ್ಟಿತನ ಕೊಟ್ಟವು. ಆದರೆ ಕೊಳ್ಳುವವರು ಐವತ್ತರ ದಶಕದ ರೂಪವೇ ಬೇಕೆಂದು ಹಟ ಹಿಡಿದಿದ್ದರಿಂದ ಕಂಪನಿ ಎಂಬತ್ತರ ದಶಕದಲ್ಲಿ ಹಳೆಯ ರಚನೆಗೇ ಮರಳಿತು. ಹೀಗಾಗಿ ಇಂದಿನ ಲೆಸ್ ಪಾಲ್‌ನ ಈ ದೋಷಕ್ಕೆ ಕಾರ್ಖಾನೆಯಷ್ಟೇ ಗ್ರಾಹಕರೂ ಹೊಣೆ.

ಆದ್ದರಿಂದ ಮನೆಯಲ್ಲಿ ಪಾಲಿಸಬೇಕಾದ ನಿಯಮ ಕಟ್ಟುನಿಟ್ಟಿನದು. ಗೋಡೆಗೆ, ಆಂಪ್‌ಗೆ, ಮಂಚಕ್ಕೆ ಒರಗಿಸಿಡಬೇಡಿ. ನುಡಿಸದಿದ್ದಾಗ ಗಟ್ಟಿ ಪೆಟ್ಟಿಗೆಯಲ್ಲಿಡಿ, ಪೆಟ್ಟಿಗೆಯ ಕೊಂಡಿಗಳನ್ನು ತಕ್ಷಣ ಹಾಕಿ. ಕೊಂಡಿ ಹಾಕದ ಪೆಟ್ಟಿಗೆಯನ್ನು ಹಿಡಿದೆತ್ತಿ ಗಿಟಾರ್ ಉರುಳಿಸಿದವರು ಎಷ್ಟೋ ಮಂದಿ. ಹೆಗಲಿನ ಪಟ್ಟಿ ಕಳಚಿಕೊಳ್ಳದಂತೆ ಸ್ಟ್ರ್ಯಾಪ್ ಲಾಕ್ ಹಾಕಿಸಿ. ತೆಳು ಚೀಲದಲ್ಲಿ ಬೆನ್ನಿಗೆ ಹಾಕಿಕೊಂಡು ಸ್ಕೂಟರಿನಲ್ಲಿ ಬೆಂಗಳೂರಿನ ಹಂಪುಗಳನ್ನು ದಾಟುವ ಅಭ್ಯಾಸವಿದ್ದರೆ ಈ ಗಿಟಾರನ್ನು ಕೊಳ್ಳದಿರುವುದೇ ಮೇಲು, ಇಲ್ಲವೇ ಅಂದು ಆಟೋ ಹಿಡಿಯಬೇಕು. ವಿಮಾನದಲ್ಲಿ ತರುವಾಗ ತಂತಿಗಳನ್ನು ಸ್ವಲ್ಪ ಸಡಿಲಿಸಿ, ತಲೆಯ ಕೆಳಗೂ ಮೇಲೂ ಬಟ್ಟೆಯನ್ನು ಒತ್ತಾಗಿ ತುಂಬಿ, ತಲೆ ಅಲುಗಾಡದಂತೆ ಮಾಡಬೇಕು.

ಮುರಿದರೆ ಬಾಳು ಮುಗಿಯಿತೆಂದೂ ಅಲ್ಲ. ಎಳೆಗಳು ಉದ್ದವಾಗಿ ಸೀಳಿದ ಮುರಿತವನ್ನು ನುರಿತ ಕೈ ಒಳ್ಳೆಯ ಮರದಂಟಿನಿಂದ ಕೂಡಿಸಿದರೆ ಅದು ವರ್ಷಾನುಗಟ್ಟಲೆ ನಿಲ್ಲುತ್ತದೆ. ದುರಸ್ತಿಯವರ ಬಳಿ ಹೋಗುವವರೆಗೆ ತಂತಿ ಬಿಚ್ಚಿ, ಚೂರುಗಳನ್ನೆಲ್ಲ ಕಾಗದದಲ್ಲಿ ಕಟ್ಟಿಡಿ. ನೀವಾಗಿಯೇ ಫೆವಿಕ್ವಿಕ್ ಹಾಕಲು ಮಾತ್ರ ಹೋಗಬೇಡಿ; ಆ ಅಂಟು ಎಳೆಗಳೊಳಗೆ ಇಳಿದು ಗಟ್ಟಿಯಾದ ಮೇಲೆ ಬೇರೆ ಅಂಟು ಹಿಡಿಯುವುದಿಲ್ಲ. ತಲೆ ಮುರಿದು ದುರಸ್ತಿಯಾದ ಗಿಟಾರಿನ ಬೆಲೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮಾರುವ ಆಲೋಚನೆಯಿಲ್ಲದೆ ಕೇವಲ ನುಡಿಸಲು ಬೇಕೆನ್ನುವವರಿಗೆ ಇದೇ ಒಳ್ಳೆಯ ಅವಕಾಶ.

ತೂಕ, ಶ್ರುತಿ

ಸಾಮಾನ್ಯ ಲೆಸ್ ಪಾಲ್ ನಾಲ್ಕರಿಂದ ನಾಲ್ಕೂವರೆ ಕಿಲೋ ತೂಗುತ್ತದೆ. ಎಪ್ಪತ್ತರ ದಶಕದ ಕೆಲವು ಐದು ಕಿಲೋ ದಾಟುತ್ತವೆ. ಎಂಬತ್ತರ ದಶಕದಿಂದ ಮಹಾಗನಿಯಲ್ಲಿ ಒಂಬತ್ತು ರಂಧ್ರ ಕೊರೆದು ತೂಕ ಇಳಿಸುವುದು ಶುರುವಾಯಿತು, ಆಮೇಲೆ ಒಡಲಿನಲ್ಲಿ ದೊಡ್ಡ ಪೊಳ್ಳುಗಳನ್ನೇ ಬಿಟ್ಟ ಗಿಟಾರುಗಳೂ ಬಂದವು. 2019ರಿಂದ ಸ್ಟ್ಯಾಂಡರ್ಡ್ ಮಾದರಿ ಮತ್ತೆ ಪೂರ್ತಿ ಗಟ್ಟಿ ಮರದ್ದು, ಕ್ಲಾಸಿಕ್ ಮಾದರಿಯಲ್ಲಿ ಒಂಬತ್ತು ರಂಧ್ರಗಳಿರುತ್ತವೆ. ಅಂಗಡಿಗೆ ಹೋಗುವಾಗ ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿಯನ್ನು ಜೊತೆಗೆ ಒಯ್ಯಿರಿ. ಒಂದೇ ಸಾಲಿನಲ್ಲಿ ತೂಗುಹಾಕಿದ ಎರಡು ಗಿಟಾರುಗಳ ನಡುವೆ ಅರ್ಧ ಕಿಲೋ ವ್ಯತ್ಯಾಸವಿರುವುದು ಅಪರೂಪವಲ್ಲ. ಮೂರು ಇಂಚು ಅಗಲದ ಚರ್ಮದ ಪಟ್ಟಿ ಹೆಗಲಿಗೆ ಬಹಳ ಆರಾಮ ಕೊಡುತ್ತದೆ. ಬೆನ್ನು ನೋವಿರುವವರು, ಮೂರು ತಾಸು ನಿಂತು ನುಡಿಸುವವರು ಮಾತ್ರ ಪಟ್ಟಿಯನ್ನು ನಂಬಿ ಕೊಳ್ಳಬಾರದು. 16ನೇ ಫ್ರೆಟ್‌ನಿಂದಾಚೆ (ಫ್ರೆಟ್ ಎಂದರೆ ನೆಕ್ ಮೇಲಿನ ಅಡ್ಡ ಲೋಹದ ಗೆರೆ) ನೆಕ್ ಒಡಲಿಗೆ ಕೂಡುವ ದಪ್ಪ ಸಂದು ಅಂಗೈಗೆ ಅಡ್ಡ ಬರುವುದನ್ನೂ ಗಮನಿಸಿ.

ಶ್ರುತಿಯ ಸಮಸ್ಯೆ ಮೂರನೆಯ ತಂತಿಯದು, ಎಂದರೆ ಜಿ ತಂತಿಯದು. ಒಂದೊಂದು ಬದಿಗೆ ಮೂರು ಬಿರಡೆಗಳಿರುವ ತಲೆಯಲ್ಲಿ ಆ ತಂತಿ ನಟ್ ದಾಟಿದ ಕೂಡಲೇ ಹೊರಕ್ಕೆ ತಿರುಗಿ, 17 ಡಿಗ್ರಿ ಕೆಳಗೂ ಇಳಿಯಬೇಕಾಗಿರುವುದರಿಂದ, ನಟ್‌ನ ಸೀಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಬಿರಡೆ ತಿರುಗಿಸಿದಾಗ ‘ಟಿಣ್’ ಎಂದು ಸದ್ದಾದರೆ ಅದೇ ಗುರುತು. ದುಬಾರಿ ಬಿರಡೆ ಹಾಕಿಸುವುದು ದಂಡದ ಖರ್ಚು. ತಿಳಿದವರ ಕೈಯಲ್ಲಿ ನಟ್‌ನ ಸೀಳನ್ನು ಬಿರಡೆಯ ದಿಕ್ಕಿಗೆ ಸ್ವಲ್ಪ ಓರೆಯಾಗಿ ಉಜ್ಜಿಸಿ, ತಂತಿ ಬದಲಿಸುವಾಗಲೆಲ್ಲ ಪೆನ್ಸಿಲ್ ಸೀಸದ ಪುಡಿಯನ್ನು ಸೀಳಿಗೆ ಹಾಕಿದರೆ ಸಾಕು.

ಲೇಪ, ಮಳೆ, ಬೀಟೆ ಮರ

ಗಿಬ್ಸನ್ ಇಂದಿಗೂ ನೈಟ್ರೋಸೆಲ್ಯುಲೋಸ್ ಎಂಬ ಹಳೆಯ ಬಗೆಯ ವಾರ್ನಿಷ್ ಬಳಸುತ್ತದೆ. ಅದು ತೆಳು, ಬಳಸಿದಂತೆ ಸವೆದು ಸುಂದರವಾಗುತ್ತದೆ. ಹಾಗೆಯೇ ಕೆಲವು ರಬ್ಬರ್, ಫೋಮ್ ಮತ್ತು ವಿನೈಲ್ ವಸ್ತುಗಳು ತಗುಲಿಕೊಂಡೇ ಇದ್ದರೆ ಕರಗಿ ಕಲೆಗಟ್ಟುತ್ತದೆ. ಅಗ್ಗದ ಸ್ಟ್ಯಾಂಡಿನ ರಬ್ಬರ್ ತೋಳಿಗೆ ಹಳೆಯ ಹತ್ತಿ ಬನಿಯನ್ ಸುತ್ತುವುದು ನಾನು ಬಲ್ಲ ಅತ್ಯಂತ ಕಡಿಮೆ ಖರ್ಚಿನ ಉಪಾಯ. ಬೆವರಿನ ಮುಂಗೈ ಊರುವ ಜಾಗ ಮಂಗಳೂರು, ಕಾರವಾರದಂತಹ ಕಡೆ ಅಂಟಂಟಾಗುವುದು ಸಾಮಾನ್ಯ. ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ. ಸ್ಪಿರಿಟ್, ಥಿನ್ನರ್, ಸ್ಯಾನಿಟೈಸರ್ ಹತ್ತಿರಕ್ಕೂ ತರಬೇಡಿ.

ಮರಕ್ಕೆ ಗಾಳಿಯ ತೇವ ಶೇಕಡಾ 45ರಿಂದ 55 ಇದ್ದರೆ ಹಿತ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಅದು 80 ದಾಟುತ್ತದೆ, ನೆಕ್ ಅಲುಗಿ ತಂತಿಗಳು ಮೇಲೇಳುತ್ತವೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಇದಕ್ಕೆ ತಿರುಗಾಮುರುಗಾ, ಮರ ಒಣಗಿ ಕುಗ್ಗುತ್ತದೆ. ಪೆಟ್ಟಿಗೆಯಲ್ಲಿ ಸಣ್ಣ ತೇವಮಾಪಕ, ಮಳೆಗಾಲಕ್ಕೆ ಸಿಲಿಕಾ ಜೆಲ್ ಇಡಿ. ವರ್ಷಕ್ಕೆರಡು ಬಾರಿ, ಜೂನ್ ಮತ್ತು ಜನವರಿಯಲ್ಲಿ, ನೆಕ್ ನೋಡಿಸಿಕೊಳ್ಳುವುದು ರೂಢಿಯಾಗಲಿ. ಟ್ರಸ್ ರಾಡ್ ತಾವೇ ತಿರುಗಿಸುವವರು ಒಂದು ಸಲಕ್ಕೆ ಕಾಲು ಸುತ್ತು ದಾಟದೆ, ಮಾರನೆಯ ದಿನದವರೆಗೆ ಕಾದು ನೋಡಬೇಕು.

ಫಿಂಗರ್‌ಬೋರ್ಡಿನದು, ಎಂದರೆ ನೆಕ್ ಮೇಲೆ ಬೆರಳೂರುವ ಹಲಗೆಯದು, ನಮಗೆ ಅಪರಿಚಿತ ಮರವಲ್ಲ. ಈಗಿನ ಹೆಚ್ಚಿನ ಲೆಸ್ ಪಾಲ್‌ಗಳಲ್ಲಿರುವ ಇಂಡಿಯನ್ ರೋಸ್‌ವುಡ್ ಎಂದರೆ ನಮ್ಮ ಮಲೆನಾಡು, ಕೊಡಗಿನ ಬೀಟೆ. ಹಳೆಯ ಮನೆಗಳ ಮಂಚ, ಕಪಾಟುಗಳಲ್ಲಿ ಕಂಡ ಅದೇ ಕಪ್ಪು-ಕಂದು ಗೆರೆಗಳು. ಈ ಮರದ ತುಂಡುಗಳ ರಫ್ತಿನ ವಿಚಾರವಾಗಿ 2011ರ ಆಗಸ್ಟ್‌ನಲ್ಲಿ ಅಮೆರಿಕದ ಅಧಿಕಾರಿಗಳು ಗಿಬ್ಸನ್ ಕಾರ್ಖಾನೆಗಳನ್ನು ಶೋಧಿಸಿದರು; ಮರುವರ್ಷ ಕಂಪನಿ, ಮಡಗಾಸ್ಕರ್‌ನ ಕರಿಮರದ ಪ್ರಕರಣವೂ ಸೇರಿದಂತೆ, 3 ಲಕ್ಷ ಡಾಲರ್ ದಂಡಕ್ಕೆ ಒಪ್ಪಿ ರಾಜಿ ಮಾಡಿಕೊಂಡಿತು. 2017ರಲ್ಲಿ ಬೀಟೆಯ ಕುಲದ ಮರಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿದ್ದರಿಂದ ಗಿಟಾರ್ ಸಾಗಿಸುವವರಿಗೆ ತೊಡಕಾಗಿತ್ತು. 2019ರ ಕೊನೆಯಲ್ಲಿ ತಯಾರಾದ ವಾದ್ಯಗಳಿಗೆ ಅದರಿಂದ ವಿನಾಯಿತಿ ಸಿಕ್ಕಿತು. ಆದರೆ ಹಳೆಯ ಗಿಟಾರುಗಳಲ್ಲಿರುವ ಬ್ರೆಜಿಲ್ ರೋಸ್‌ವುಡ್ ಅದಕ್ಕಿಂತ ಕಠಿಣ ಪಟ್ಟಿಯಲ್ಲಿದ್ದು, ಅದಕ್ಕೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ಬೀಟೆ ಒಣಗಿದಂತೆ ಕಂಡರೆ ಫಿಂಗರ್‌ಬೋರ್ಡಿಗೆಂದೇ ಮಾರುವ ಎಣ್ಣೆಯ ನಾಲ್ಕು ಹನಿ ವರ್ಷಕ್ಕೊಮ್ಮೆ ಸಾಕು. ಮನೆಯ ಕೊಬ್ಬರಿ ಎಣ್ಣೆ ಹಚ್ಚಿದರೆ ಅದು ಜಿಡ್ಡುಗಟ್ಟಿ ಕೊಳೆ ಹಿಡಿಯುತ್ತದೆ.

ಕೊಳ್ಳುವಾಗ ನೋಡಬೇಕಾದವು

ನಕಲಿ ಲೆಸ್ ಪಾಲ್‌ಗಳು ಧಾರಾಳವಾಗಿವೆ, ಅವುಗಳ ಹೊರನೋಟ ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಲೂ ಇದೆ. ಮೊದಲು ಹೆಡ್‌ಸ್ಟಾಕಿನ ಗಂಟೆಯಾಕಾರದ ಮುಚ್ಚಳ ನೋಡಿ: ಗಿಬ್ಸನ್‌ನದಕ್ಕೆ ಎರಡು ಸ್ಕ್ರೂ, ನಕಲಿಗಳಿಗೆ ಬಹುತೇಕ ಮೂರು. ಮುಚ್ಚಳ ತೆಗೆಸಿದಾಗ ಒಳಗೆ ಟ್ರಸ್ ರಾಡ್ ತಿರುಗಿಸುವ ಆರು ಮುಖದ ಹಿತ್ತಾಳೆ ನಟ್ ಕಾಣಬೇಕು. ಆಲನ್ ಕೀ ತೂರುವ ತೂತು ಕಂಡರೆ ಎಚ್ಚರಿಕೆ ಅಗತ್ಯ. ತಲೆಯ ಹಿಂಬದಿಯ ಸಂಖ್ಯೆ ಹೆಚ್ಚಾಗಿ ಮರಕ್ಕೆ ಒತ್ತಿದ್ದಾಗಿರುತ್ತದೆ. 1977ರಿಂದ ಬಹುಕಾಲ ನಡೆದ ಎಂಟಂಕಿಯ ಪದ್ಧತಿಯಲ್ಲಿ ಮೊದಲ ಮತ್ತು ಐದನೆಯ ಅಂಕಿ ಸೇರಿ ವರ್ಷ, ನಡುವಿನ ಮೂರು ಅಂಕಿಗಳು ಆ ವರ್ಷದ ಎಷ್ಟನೆಯ ದಿನವೆಂಬುದು: 90123567 ಎಂದಿದ್ದರೆ 1993ರ 12ನೆಯ ದಿನ. ನಕಲಿಯವರು ಸಂಖ್ಯೆಯನ್ನೂ ಕದಿಯುವುದರಿಂದ ಇದೊಂದನ್ನೇ ನೆಚ್ಚಬಾರದು. ಹಿಂಬದಿಯ ಮುಚ್ಚಳ ತೆಗೆಸಿ ವೈರಿಂಗ್‌ನ ಅಚ್ಚುಕಟ್ಟನ್ನೂ ನೋಡಿ.

ಬಳಸಿದ ಗಿಟಾರಾದರೆ ತಲೆಯ ಹಿಂಬದಿಯನ್ನು ಮೊಬೈಲ್ ಟಾರ್ಚಿನ ಓರೆ ಬೆಳಕಿನಲ್ಲಿ ನೋಡಿ, ಉಗುರು ಸವರಿ, ಕೂದಲಿನಂತಹ ಗೆರೆ ಹುಡುಕಿ. ಆ ಭಾಗಕ್ಕೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಕಾರಣ ಕೇಳಲೇಬೇಕು. ಫ್ರೆಟ್‌ಗಳು ಎಷ್ಟು ಸವೆದಿವೆ ಎಂದೂ ನೋಡಿ, ಏಕೆಂದರೆ ಅಂಚಿನ ಪ್ಲಾಸ್ಟಿಕ್ ಪಟ್ಟಿಯಿರುವ ಈ ನೆಕ್ಕಿನಲ್ಲಿ ಹೊಸ ಫ್ರೆಟ್ ಹಾಕಿಸುವುದು ಸಾದಾ ನೆಕ್ಕಿಗಿಂತ ಕಷ್ಟದ, ಖರ್ಚಿನ ಕೆಲಸ.

ಇಷ್ಟೆಲ್ಲ ಓದಿ ಕೈ ಹಿಂಜರಿಯುತ್ತಿದ್ದರೆ ಎಪಿಫೋನ್ ಇದೆ. 1957ರಿಂದ ಗಿಬ್ಸನ್ ಬಳಗದ್ದೇ ಆದ ಈ ಹೆಸರಿನ ಲೆಸ್ ಪಾಲ್ ಏಷ್ಯಾದಲ್ಲಿ ತಯಾರಾಗಿ ಗಿಬ್ಸನ್‌ನ ಬೆಲೆಯ ಒಂದು ಭಾಗಕ್ಕಷ್ಟೇ ಸಿಗುತ್ತದೆ. ಇದರ ಲೇಪ ದಪ್ಪ ಪ್ಲಾಸ್ಟಿಕ್‌ನಂಥದ್ದು, ಮಾರಿದಾಗ ಬೆಲೆ ಬೇಗ ಇಳಿಯುತ್ತದೆ. ಆದರೆ ನಮ್ಮ ಹವೆಗೆ ಆ ಲೇಪವೇ ಹೆಚ್ಚು ತಾಳುತ್ತದೆ. ಮೊದಲ ಗಿಟಾರ್ ಕೊಳ್ಳುವವರು ಇದನ್ನೇ ಎರಡು ವರ್ಷ ನುಡಿಸಿ, ಆಮೇಲೂ ಆಸೆ ಉಳಿದಿದ್ದರೆ ಗಿಬ್ಸನ್ ಕಡೆ ನೋಡಲಿ. ಕಲಮಜೂ ಕಾರ್ಖಾನೆ 1984ರಲ್ಲಿ ಮುಚ್ಚಿದಾಗ ಅಲ್ಲೇ ಉಳಿದ ಕೆಲವು ಕೆಲಸಗಾರರು ಮರುವರ್ಷ ಅದೇ ಕಟ್ಟಡದಲ್ಲಿ ಕಟ್ಟಿದ ಹೆರಿಟೇಜ್ ಕಂಪನಿಯ ಎಚ್-150 ಗಿಟಾರ್ ಇನ್ನೊಂದು ದಾರಿ. ಇಲ್ಲಿನ ಅಂಗಡಿಗಳಲ್ಲಿ ಅದು ಕಾಣಸಿಗುವುದು ಅಪರೂಪ.

ಯಾವುದನ್ನೇ ಕೊಂಡರೂ ಮನೆಗೆ ತಂದ ದಿನವೇ ಸೆಟಪ್, ಎಂದರೆ ನೆಕ್ ಮತ್ತು ತಂತಿಯೆತ್ತರದ ಹೊಂದಾಣಿಕೆ, ಮಾಡಿಸಬೇಡಿ. ಒಂದು ವಾರ ಪೆಟ್ಟಿಗೆಯಲ್ಲಿಟ್ಟು ಮರ ಇಲ್ಲಿನ ಗಾಳಿಗೆ ಹೊಂದಿಕೊಳ್ಳಲು ಬಿಡಿ. ಆಮೇಲೆ 10ರಿಂದ 46ರ (ಇಂಚಿನ ಸಾವಿರದ ಭಾಗದಲ್ಲಿ ಹೇಳುವ ದಪ್ಪದ) ತಂತಿ ಹಾಕಿಸಿ, 12ನೇ ಫ್ರೆಟ್ ಮೇಲೆ ದಪ್ಪ ತಂತಿಯ ಎತ್ತರ 2 ಮಿಲಿಮೀಟರ್, ತೆಳು ತಂತಿಯದು 1.2 ಮಿಲಿಮೀಟರ್ ಇರುವಂತೆ ಕೇಳಿ. ತಂತಿಗಳು ಬ್ರಿಡ್ಜ್‌ನ ಹಿಂಬದಿಯ ಅಂಚಿಗೆ ತಾಗುತ್ತಿದ್ದರೆ ಟೇಲ್‌ಪೀಸನ್ನು, ಎಂದರೆ ತಂತಿಗಳ ಬುಡ ಸಿಕ್ಕಿಸುವ ಲೋಹದ ಪಟ್ಟಿಯನ್ನು, ಎರಡು ಸುತ್ತು ಎತ್ತಿಸಿ. ತಾಗುತ್ತಲೇ ಇದ್ದರೆ ತಂತಿ ಅಲ್ಲೇ ಪದೇ ಪದೇ ತುಂಡಾಗುತ್ತದೆ.